ಚಂದಾ ಕೊಡುತ್ತಿದ್ದ ಕುಟುಂಬಗಳು ನಡುವೆ ನಿಲ್ಲಿಸದಂತೆ ಸಭೆ ಏನು ಮಾಡಬಹುದು?

ಪ್ರಶ್ನೆ: ಹೊಸ ಖಜಾಂಚಿ, ದಾವಣಗೆರೆ

ಮಾನ್ಯರೇ,

ದಾವಣಗೆರೆಯ ಒಂದು ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಸಮಿತಿಯಲ್ಲಿ ಈ ವರ್ಷದಿಂದ ಖಜಾಂಚಿಯ ಹೊಣೆ ನನಗೆ ಬಂದಿದೆ. ಹಿಂದಿನವರು ಲೆಕ್ಕವನ್ನು ಚೊಕ್ಕಟವಾಗಿ ಇಟ್ಟಿದ್ದಾರೆ. ರಸೀದಿ ಪುಸ್ತಕ, ಕ್ಯಾಷ್ ಬುಕ್ಕು, ಬ್ಯಾಂಕಿನ ಪಾಸ್‌ಬುಕ್ಕು ಮೂರೂ ಒಂದಕ್ಕೊಂದು ತಾಳೆಯಾಗುತ್ತವೆ. ಆದ್ದರಿಂದ ನನ್ನ ಪ್ರಶ್ನೆ ಲೆಕ್ಕದ ಬಗ್ಗೆ ಅಲ್ಲ, ಚಂದಾ ರಿಜಿಸ್ಟರಿನಲ್ಲಿ ಕೆಲವು ವರ್ಷ ತಪ್ಪದೆ ಕಾಣಿಸಿಕೊಂಡು ಆಮೇಲೆ ಇಲ್ಲವಾಗುವ ಕುಟುಂಬಗಳ ಬಗ್ಗೆ.

ಒಟ್ಟು ಆದಾಯವನ್ನಷ್ಟೇ ನೋಡಿದವರಿಗೆ ಇದು ಕಾಣುವುದಿಲ್ಲ. ದೇವಾಲಯದ ಛಾವಣಿಯ ದುರಸ್ತಿಗೆ ಕೇಳಿದಾಗ ಜನ ಧಾರಾಳವಾಗಿ ಕೊಟ್ಟರು; ಕ್ರಿಸ್‌ಮಸ್ಸಿನಲ್ಲಿಯೂ ಸುಗ್ಗಿ ಕಾಣಿಕೆಯ ಹಬ್ಬದಲ್ಲಿಯೂ ಕಾಣಿಕೆ ಕಡಿಮೆಯಾಗಿಲ್ಲ. ಆದರೆ ತಿಂಗಳ ಚಂದಾವನ್ನು ಕುಟುಂಬವಾರು ಬಿಡಿಸಿ ನೋಡಿದರೆ, ಸಭೆಯ ದಿನನಿತ್ಯದ ಖರ್ಚನ್ನು ಹೊತ್ತಿರುವವರು ಬಹುಪಾಲು ನಿವೃತ್ತರು ಮತ್ತು ವಿಧವೆಯರು ಎಂಬುದು ತಿಳಿಯುತ್ತದೆ. ಅವರ ಮಕ್ಕಳು ಬೆಂಗಳೂರಿನಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ಇದ್ದಾರೆ. ಊರಿನಲ್ಲಿಯೇ ಉಳಿದಿರುವ ನಡುವಯಸ್ಸಿನವರಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ಎಪಿಎಂಸಿಯ ಹಮಾಲರು, ಖಾಸಗಿ ಆಸ್ಪತ್ರೆಗಳ ನರ್ಸುಗಳು, ಅನುದಾನವಿಲ್ಲದ ಶಾಲೆಗಳ ಶಿಕ್ಷಕರು ಇದ್ದಾರೆ. ಇವರಲ್ಲಿ ಹಲವರು ಉತ್ಸಾಹದಿಂದ ಚಂದಾ ಆರಂಭಿಸಿ ಎರಡು ಮೂರು ವರ್ಷಗಳಲ್ಲಿ ನಿಲ್ಲಿಸುತ್ತಾರೆ. ಸಮಿತಿಯ ಚುನಾವಣೆ ಹತ್ತಿರವಾದಾಗ ಮತದಾರರ ಪಟ್ಟಿಯಲ್ಲಿ ಹೆಸರು ಉಳಿಯಲೆಂದು ಬಾಕಿಯೆಲ್ಲ ಒಮ್ಮೆಗೇ ಜಮೆಯಾಗುತ್ತದೆ. ಮರುವರ್ಷ ಮತ್ತೆ ಆ ಸಾಲು ಖಾಲಿ.

ಇದಕ್ಕೆ ಸಮಿತಿಯಲ್ಲಿ ಬಂದಿರುವ ಸಲಹೆಗಳು ನನಗೆ ಅಷ್ಟಾಗಿ ಒಪ್ಪಿಗೆಯಾಗಿಲ್ಲ. ದಶಮಾಂಶದ, ಅಂದರೆ ಆದಾಯದ ಹತ್ತನೆಯ ಒಂದು ಪಾಲನ್ನು ದೇವರಿಗೆ ಕೊಡುವುದರ ಮೇಲೆ ಸಾಲಾಗಿ ಪ್ರಸಂಗ ಮಾಡಿಸಬೇಕು ಎನ್ನುವವರಿದ್ದಾರೆ. ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಆರಾಧನೆಯ ಕೊನೆಯಲ್ಲಿ ಓದಬೇಕು ಎನ್ನುವವರಿದ್ದಾರೆ. ಮಕ್ಕಳ ದೀಕ್ಷಾಸ್ನಾನ, ಮದುವೆ, ಸಮಾಧಿಯ ಸಮಯದಲ್ಲಿ ಹಿಂಬಾಕಿಯನ್ನು ವಸೂಲು ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರೂ ಇದ್ದಾರೆ. ಕೊನೆಯದು ನಮ್ಮಲ್ಲಿ ಈಗಾಗಲೇ ಅಲ್ಪಸ್ವಲ್ಪ ನಡೆಯುತ್ತಿದೆ, ಮತ್ತು ಅದರಿಂದ ಬಂದ ಹಣಕ್ಕಿಂತ ಮುನಿಸೇ ಹೆಚ್ಚು ಎಂಬುದು ನನ್ನ ಅನುಮಾನ.

ಒಮ್ಮೆ ಕೊಡಲು ಆರಂಭಿಸಿದವರು ಹತ್ತಿಪ್ಪತ್ತು ವರ್ಷ ಕೊಡುತ್ತಾ ಹೋಗುವಂತೆ ಸಭೆಯ ಕಡೆಯಿಂದ ಏನು ನಡೆಯಬೇಕು? ಊರು ಬಿಟ್ಟವರ ವಿಷಯದಲ್ಲಿ ಏನು ಮಾಡುವುದು ಸರಿ? ತೆರಿಗೆ ವಿನಾಯಿತಿಯ ರಸೀದಿ ಕೊಟ್ಟರೆ ಉಪಯೋಗವಾಗುತ್ತದೆಯೇ? ಅನುಭವವುಳ್ಳವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ನಿವೃತ್ತ ಬ್ಯಾಂಕ್ ನೌಕರ, ಹರಿಹರ

ನಾನು ಕಥೋಲಿಕ ಧರ್ಮಸಭೆಯವನು. ನಮ್ಮಲ್ಲಿ ಚಂದಾ ಮತ್ತು ಮತದಾರರ ಪಟ್ಟಿಯ ಗಂಟು ನಿಮ್ಮಲ್ಲಿರುವಂತೆ ಇಲ್ಲವಾದರೂ ಸಮಸ್ಯೆಯ ಬೇರು ಒಂದೇ ಎಂದು ತೋರುತ್ತದೆ.

ಹರಿಹರದ ಆರೋಗ್ಯ ಮಾತೆಯ ದೇವಾಲಯವನ್ನು ನೀವು ನೋಡಿರುತ್ತೀರಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಜಾತಿಮತವೆನ್ನದೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ; 2019ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ದೊರೆತ ಮೇಲೆ ಆ ಹೆಸರು ಇನ್ನೂ ದೂರಕ್ಕೆ ಹೋಗಿದೆ. ಹಾಗೆ ಬರುವವರು ಹರಕೆ ತೀರಿಸಿ ಪೆಟ್ಟಿಗೆಗೆ ಕಾಣಿಕೆ ಹಾಕಿ ಹೋಗುತ್ತಾರೆ. ಅವರು ಮುಂದಿನ ವರ್ಷ ಬರಬಹುದು, ಬಾರದಿರಬಹುದು. ಹರಕೆಯ ಸ್ವಭಾವವೇ ಅದು, ತೀರಿದ ಮೇಲೆ ತೀರಿತು. ಯಾವುದೇ ಧರ್ಮಕೇಂದ್ರದ ಉಪದೇಶಿಯ ಸಂಬಳ, ಕರೆಂಟ್ ಬಿಲ್ಲು, ಬಡ ಮಕ್ಕಳ ಶುಲ್ಕ ಮುಂತಾದ ತಿಂಗಳ ಖರ್ಚನ್ನು ಇಂತಹ ಹಣದ ಮೇಲೆ ನಿಲ್ಲಿಸಬಾರದು ಎಂಬುದು ನನ್ನ ಅಭಿಪ್ರಾಯ. ನೀವೂ ಛಾವಣಿಗೆ ಬಂದ ಹಣ, ಹಬ್ಬಕ್ಕೆ ಬಂದ ಹಣ, ತಿಂಗಳಿಗೆ ಬರುವ ಹಣ ಇವನ್ನು ಒಂದೇ ಮೊತ್ತವಾಗಿ ವಾರ್ಷಿಕ ಸಭೆಯ ಮುಂದೆ ಇಡುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ತಿಂಗಳ ಖರ್ಚು ಇಷ್ಟು, ಅದರಲ್ಲಿ ತಿಂಗಳ ಚಂದಾದಿಂದ ತುಂಬಿದ್ದು ಇಷ್ಟು ಎಂದು ಬೇರೆಯಾಗಿ ತೋರಿಸಿದ ದಿನ ಸಭಿಕರಿಗೆ ತಮ್ಮ ನೂರು ರೂಪಾಯಿಗೆ ಎಲ್ಲಿ ಜಾಗವಿದೆ ಎಂಬುದು ತಿಳಿಯುತ್ತದೆ. ದೊಡ್ಡ ಮೊತ್ತದ ನೆರಳಿನಲ್ಲಿ ಆ ನೂರು ರೂಪಾಯಿ ಬೇಕಾಗಿಲ್ಲವೇನೋ ಎಂದು ಅನ್ನಿಸಿಬಿಡುವುದು ಸಹಜ.

ಇನ್ನೊಂದು ಮಾತು. ಬ್ಯಾಂಕಿನಲ್ಲಿ ಸಾಲದ ಕಂತು ಕಟ್ಟದವರ ಪಟ್ಟಿ ತಿಂಗಳು ತಿಂಗಳೂ ಮೇಜಿನ ಮೇಲೆ ಬರುತ್ತದೆ, ತಪ್ಪದೆ ಕಟ್ಟುವವರ ಪಟ್ಟಿಯನ್ನು ಯಾರೂ ಕೇಳುವುದಿಲ್ಲ. ಸಭೆಯಲ್ಲಿ ಇದು ತಿರುಗುಮುರುಗಾಗಬೇಕು. ಮೊತ್ತ ಎಷ್ಟೆಂಬುದನ್ನು ಬಿಟ್ಟು, ಸತತವಾಗಿ ಕೊಟ್ಟವರು ಯಾರು ಎಂಬುದನ್ನು ಮೊದಲು ಗುರುತಿಸಿ. ವರ್ಷದ ಕೊನೆಯಲ್ಲಿ ಅವರಿಗೆ ಅಚ್ಚು ಹಾಕಿಸಿದ ಕಾರ್ಡು ಬೇಡ, ಕೈಬರಹದ ನಾಲ್ಕು ಸಾಲು ಸಾಕು. ನಮ್ಮ ಸಂಸ್ಥೆಗಳು ಹೊಸಬರನ್ನು ಹುಡುಕುವ ಅವಸರದಲ್ಲಿ ಹಳಬರಿಗೆ ವಂದನೆ ಹೇಳುವುದನ್ನೇ ಮರೆಯುತ್ತವೆ.

ಉತ್ತರ: ಒಬ್ಬ ಸಭಾಪಾಲಕ, ಚಿತ್ರದುರ್ಗ ಜಿಲ್ಲೆ

ಖಜಾಂಚಿಯವರಿಗೆ ವಂದನೆಗಳು. ನೀವು ಬರೆದ ಮೂರನೆಯ ಸಲಹೆಯನ್ನು, ಅಂದರೆ ಸಮಾಧಿಯ ಹೊತ್ತಿನಲ್ಲಿ ಬಾಕಿ ಕೇಳುವುದನ್ನು, ದಯವಿಟ್ಟು ಮೊದಲು ನಿಲ್ಲಿಸಿರಿ. ಹೆಣ ಮನೆಯಲ್ಲಿರುವಾಗ ರಸೀದಿ ಪುಸ್ತಕ ತೆರೆದ ಸಭೆಗೆ ಆ ಮನೆಯ ಮುಂದಿನ ತಲೆಮಾರು ಏನನ್ನೂ ಕೊಡುವುದಿಲ್ಲ, ಕೊಟ್ಟರೂ ದಂಡವೆಂದೇ ಕೊಡುತ್ತದೆ.

ನನ್ನ ಸಭೆಗಳು ಚಳ್ಳಕೆರೆಯ ಕಡೆಯ ಹಳ್ಳಿಗಳಲ್ಲಿವೆ. ಶೇಂಗಾ ಮತ್ತು ಈರುಳ್ಳಿಯ ಮೇಲೆ ನಿಂತ ಬದುಕು. ಮಳೆ ಕೈಕೊಟ್ಟ ವರ್ಷ ಕಾಣಿಕೆಯೂ ಕೈಕೊಡುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಮಳೆ ಮರಳಿದ ವರ್ಷವೂ ಕೆಲವು ಕುಟುಂಬಗಳು ಮರಳಲಿಲ್ಲ ಎಂಬುದೇ ನನ್ನನ್ನು ಕಾಡಿದ ಪ್ರಶ್ನೆ. ಮನೆಮನೆಗೆ ಹೋಗಿ ಕೂತು ಮಾತನಾಡಿದಾಗ ತಿಳಿದದ್ದೆಂದರೆ, ಅವರು ಕೊಡುವುದನ್ನು ನಿಲ್ಲಿಸಿದ್ದು ಸಭೆಯ ಮೇಲಿನ ಕೋಪದಿಂದಲ್ಲ, ನಾಚಿಕೆಯಿಂದ. ಒಂದು ಹಂಗಾಮು ಕೊಡಲಾಗದವನು ದೇವಾಲಯದಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತಾನೆ, ಎರಡನೆಯ ಹಂಗಾಮಿನಲ್ಲಿ ಕಾಣಿಕೆ ಸ್ತೋತ್ರದ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾನೆ, ಮೂರನೆಯದಕ್ಕೆ ಬರುವುದನ್ನೇ ಬಿಡುತ್ತಾನೆ. ನಾವು ಅದನ್ನು ಭಕ್ತಿ ತಣ್ಣಗಾಯಿತು ಎಂದು ವರದಿಯಲ್ಲಿ ಬರೆಯುತ್ತೇವೆ.

ಈ ನಾಚಿಕೆಯನ್ನು ಬೆಳೆಸುವುದು ನಮ್ಮ ರಿಜಿಸ್ಟರಿನ ಒಂದು ಅಂಕಣ: ಹಿಂಬಾಕಿ. ತಿಂಗಳಿಗೆ 100 ರೂಪಾಯಿ ಒಪ್ಪಿಕೊಂಡವನು ಎರಡು ವರ್ಷ ಕೊಡದಿದ್ದರೆ ಅವನ ಹೆಸರಿನ ಮುಂದೆ 2,400 ರೂಪಾಯಿ ನಿಲ್ಲುತ್ತದೆ. ಈ ತಿಂಗಳು ಅವನ ಕೈಯಲ್ಲಿ 100 ರೂಪಾಯಿ ಇದೆ, ಕೊಡುವ ಮನಸ್ಸೂ ಇದೆ. ಆದರೆ ಅದನ್ನು ತಂದುಕೊಟ್ಟರೆ ಖಜಾಂಚಿಯ ಬಾಯಿಂದ ಮೊದಲು ಬರುವ ಮಾತು ಉಳಿದ 2,400ರ ಬಗ್ಗೆ ಎಂದು ಅವನಿಗೆ ಗೊತ್ತು. ಆದ್ದರಿಂದ ಆ 100 ರೂಪಾಯಿಯೂ ಬರುವುದಿಲ್ಲ. ನಮ್ಮಲ್ಲಿ ಹಿರಿಯರ ಒಪ್ಪಿಗೆ ಪಡೆದು ಮಾರ್ಚ್ 31ಕ್ಕೆ ಹಿಂಬಾಕಿಯನ್ನು ಮುಚ್ಚಿ ಏಪ್ರಿಲ್‌ನಿಂದ ಎಲ್ಲರಿಗೂ ಹೊಸ ಸಾಲು ತೆರೆಯುವ ರೂಢಿ ತಂದೆವು. ತಪ್ಪದೆ ಕೊಟ್ಟವರಿಗೆ ಇದರಿಂದ ಅನ್ಯಾಯವಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಿದರು. ಕಾಣಿಕೆಯು ಸಾಲವಲ್ಲದ ಕಾರಣ ಅದಕ್ಕೆ ಬಾಕಿ ಎಂಬುದೇ ಇಲ್ಲ ಎಂದು ನಾನು ಹೇಳಿದೆ. ಒಪ್ಪದವರು ಈಗಲೂ ಇದ್ದಾರೆ. ನಿಮ್ಮ ಸಭೆಯ ಸಂವಿಧಾನದಲ್ಲಿ ಮತದಾನಕ್ಕೆ ಚಂದಾದ ನಿಯಮವಿದ್ದರೆ ಅದನ್ನು ಸಮಿತಿ ತಾನಾಗಿ ಬದಲಿಸಲಾರದು. ಆದರೂ ಮತದಾರರ ಪಟ್ಟಿಯ ಲೆಕ್ಕವನ್ನು ಪ್ರತ್ಯೇಕ ಹಾಳೆಯಲ್ಲಿ ಇಟ್ಟು, ಭಾನುವಾರ ಎಲ್ಲರ ಕಣ್ಣಿಗೆ ಬೀಳುವ ರಿಜಿಸ್ಟರಿನಿಂದ ಆ ಅಂಕಣವನ್ನು ತೆಗೆಯಬಹುದು.

ಎರಡನೆಯದಾಗಿ, ನಿಮ್ಮ ಹಮಾಲರಿಗೂ ಭಟ್ಟಿಯವರಿಗೂ ಕೂಲಿ ಸಿಗುವುದು ದಿನಕ್ಕೋ ವಾರಕ್ಕೋ. ಅವರಿಂದ ತಿಂಗಳ ಚಂದಾ ಕೇಳುವುದು ಸಂಬಳದಾರರ ಅಳತೆಗೋಲು. ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 16ನೆಯ ಅಧ್ಯಾಯದಲ್ಲಿ ಹೇಳಿರುವುದು ಇದನ್ನೇ. ನಂಬರು ಹಾಕಿದ ಚಿಕ್ಕ ಲಕೋಟೆಗಳನ್ನು ವರ್ಷಕ್ಕೊಮ್ಮೆ ಕುಟುಂಬಕ್ಕೆ 52ರಂತೆ ಕೊಡಿರಿ. ಹೆಸರು ಬೇಡ, ನಂಬರು ಸಾಕು. ಜೊತೆಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿರಿ: ಏನೂ ಇಲ್ಲದ ವಾರ ಖಾಲಿ ಲಕೋಟೆಯನ್ನೇ ತಟ್ಟೆಗೆ ಹಾಕಬಹುದು. ಎಣಿಸುವವರು ಆ ನಂಬರಿನ ಮುಂದೆಯೂ ಗುರುತು ಹಾಕುತ್ತಾರೆ. ಇದರಿಂದ ತಟ್ಟೆ ಮುಂದೆ ಬಂದಾಗ ಯಾರ ಕೈಯೂ ಬರಿದಾಗಿ ಕಾಣುವುದಿಲ್ಲ. ನಿಮಗೂ ಒಂದು ಪ್ರಯೋಜನವಿದೆ. ಒಂದು ನಂಬರು ಹಲವು ವಾರ ಖಾಲಿಯಾಗಿ ಬಂದರೆ ಆ ಮನೆಯಲ್ಲಿ ಕಷ್ಟವಿದೆ ಎಂದೂ, ಲಕೋಟೆಯೇ ಬಾರದಿದ್ದರೆ ಅವರು ದೂರವಾಗುತ್ತಿದ್ದಾರೆ ಎಂದೂ ತಿಳಿಯುತ್ತದೆ. ಎರಡಕ್ಕೂ ಭೇಟಿ ಬೇಕು, ಆದರೆ ಬೇರೆ ಬೇರೆ ಬಗೆಯ ಭೇಟಿ. ಎರಡರಲ್ಲಿಯೂ ರಸೀದಿ ಪುಸ್ತಕ ಜೊತೆಯಲ್ಲಿ ಇರಬಾರದು.

ದಶಮಾಂಶದ ಪ್ರಸಂಗದ ಬಗ್ಗೆ ಕೇಳಿದ್ದೀರಿ. ದಶಮಾಂಶ ತರಬೇಕೆಂದು ಹೇಳುವ ಮಲಾಕಿಯ 3ನೆಯ ಅಧ್ಯಾಯವನ್ನು ನಮ್ಮ ಪೀಠಗಳಿಂದ ಜನ ಸಾಕಷ್ಟು ಕೇಳಿದ್ದಾರೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದ ಮೇಲೆ ಮಾತನಾಡುವವರು ಕಡಿಮೆ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಪೌಲನು ಒಬ್ಬನೇ ಹೊತ್ತೊಯ್ಯುವುದಿಲ್ಲ. ತನ್ನ ಜೊತೆಗೆಲಸದವನಾದ ತೀತನನ್ನೂ, ಸಭೆಗಳು ಆರಿಸಿದ ಸಹೋದರರನ್ನೂ ಜೊತೆಗೆ ಇಟ್ಟುಕೊಳ್ಳುತ್ತಾನೆ, ಯಾರೂ ತಪ್ಪು ಹೊರಿಸದಂತೆ ದೇವರ ಮುಂದೆ ಮಾತ್ರವಲ್ಲದೆ ಮನುಷ್ಯರ ಮುಂದೆಯೂ ಸರಿಯಾಗಿ ನಡೆಯಬೇಕೆಂಬ ಎಚ್ಚರದಿಂದ. ಕೊಡುವವರಿಗೆ ಪ್ರಸಂಗ ಮಾಡುವ ಮೊದಲು ಎಣಿಸುವವರಿಗೆ ಈ ಅಧ್ಯಾಯವನ್ನು ಓದಿಸಿರಿ. ಸಂಬಂಧಿಕರಲ್ಲದ ಇಬ್ಬರು ಆರಾಧನೆ ಮುಗಿದ ಕೂಡಲೇ ಎಣಿಸಿ ಸಹಿ ಹಾಕಲಿ, ಆ ವಾರದ ಮೊತ್ತ ಮುಂದಿನ ಭಾನುವಾರ ಸೂಚನಾ ಫಲಕದಲ್ಲಿ ಇರಲಿ.

ಉತ್ತರ: ದಾವಣಗೆರೆಯವನು, ಈಗ ಬೆಂಗಳೂರಿನಲ್ಲಿ

ಊರು ಬಿಟ್ಟವರ ಪರವಾಗಿ ನಾನು ಉತ್ತರಿಸಬಹುದು. ನಾನು ಕೊಟ್ಟು ನಿಲ್ಲಿಸಿದವನು.

ನಾನು ಹುಟ್ಟಿ ಬೆಳೆದ ಸಭೆಯಿಂದ ನನಗೆ ವರ್ಷಕ್ಕೆ ಕೆಲವು ಬಾರಿ ವಾಟ್ಸ್ಆಪ್ ಸಂದೇಶ ಬರುತ್ತದೆ, ಬಂದಾಗಲೆಲ್ಲ ಕೇಳುವುದಕ್ಕೇ ಬರುತ್ತದೆ: ಕನ್ವೆನ್ಷನ್ನಿಗೆ, ಬಣ್ಣ ಹೊಡೆಸುವುದಕ್ಕೆ, ಕ್ರಿಸ್‌ಮಸ್ ಊಟಕ್ಕೆ. ಕಳಿಸಿದ ಹಣ ತಲುಪಿತೆಂಬ ಒಂದು ಸಾಲು ಕೂಡ ಬರುವುದು ಅಪರೂಪ. ಒಮ್ಮೆ ವಿಧವೆಯರ ಸಹಾಯ ನಿಧಿಗೆಂದೇ ಹೇಳಿ ಕಳಿಸಿದ್ದೆ. ಊರಿಗೆ ಹೋದಾಗ ಆ ನಿಧಿಯ ಹಣವನ್ನೆಲ್ಲ ಸೇರಿಸಿ ಹೊಸ ಸೌಂಡ್ ಸಿಸ್ಟಂ ಕೊಂಡಿದ್ದಾರೆ ಎಂದು ತಿಳಿಯಿತು. ಸೌಂಡ್ ಸಿಸ್ಟಂ ಬೇಕಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಕೇಳಿದ್ದರೆ ಅದಕ್ಕೂ ಕೊಡುತ್ತಿದ್ದೆ. ಒಂದು ಹೆಸರಿನಲ್ಲಿ ಪಡೆದದ್ದನ್ನು ಇನ್ನೊಂದಕ್ಕೆ ಬಳಸಿದರು ಎಂಬುದಷ್ಟೇ ನನ್ನ ತಕರಾರು, ಮತ್ತು ಅದು ಚಿಕ್ಕ ತಕರಾರಲ್ಲ. ತುರ್ತಿನಲ್ಲಿ ನಿಧಿಯನ್ನು ಬದಲಿಸಲೇಬೇಕಾದರೆ ಕೊಟ್ಟವರಿಗೆ ಮೊದಲು ಒಂದು ಮಾತು ಹೇಳಿ ಒಪ್ಪಿಗೆ ಪಡೆಯಬೇಕು.

ಪ್ರಾಮಾಣಿಕವಾಗಿ ಹೇಳುವುದಾದರೆ, ನಾನು ಪ್ರತಿ ಭಾನುವಾರ ಹೋಗುವ ಬೆಂಗಳೂರಿನ ಸಭೆಗೆ ನನ್ನ ಮುಖ್ಯ ಕಾಣಿಕೆ ಸಲ್ಲಬೇಕು. ದಾವಣಗೆರೆಯ ಸಭೆಯು ನನ್ನಿಂದ ತಿಂಗಳ ಚಂದಾ ನಿರೀಕ್ಷಿಸುವುದು ಸರಿಯಲ್ಲ. ಆದರೆ ನನ್ನ ತಂದೆ ತಾಯಿಯ ಸಮಾಧಿ ಇರುವುದು ಅಲ್ಲಿಯೇ. ಸಮಾಧಿ ಭೂಮಿಯ ಕಾಂಪೌಂಡು, ನೀರು, ಕಾವಲಿಗೆಂದು ಪ್ರತ್ಯೇಕ ನಿಧಿ ಇಟ್ಟು, ವರ್ಷಕ್ಕೊಮ್ಮೆ ಒಂದು ಪುಟದ ಲೆಕ್ಕ ಕಳಿಸಿದರೆ ನಾನು ಬದುಕಿರುವವರೆಗೂ ಕೊಡುತ್ತೇನೆ, ನನ್ನಂಥವರು ಅನೇಕರು ಕೊಡುತ್ತಾರೆ. ನಾವು ಓದಿದ ಹಾಸ್ಟೆಲ್ಲು, ಮಕ್ಕಳ ಶುಲ್ಕ ಇಂಥವು ಕೂಡ ಹಾಗೆಯೇ. ಊರು ಬಿಟ್ಟವನಿಗೆ ಒಟ್ಟು ಬಜೆಟ್ಟಿನ ಮೇಲೆ ಮನಸ್ಸು ನಿಲ್ಲುವುದಿಲ್ಲ, ತಾನು ಬಲ್ಲ ಒಂದು ಜಾಗದ ಮೇಲೆ ನಿಲ್ಲುತ್ತದೆ.

ಉತ್ತರ: ಲೆಕ್ಕ ಪರಿಶೋಧಕ, ದಾವಣಗೆರೆ

ತೆರಿಗೆ ಮತ್ತು ಹಣ ಪಡೆಯುವ ವಿಧಾನದ ಬಗ್ಗೆ ಮಾತ್ರ ಬರೆಯುತ್ತೇನೆ.

ನೀವು ಕೇಳಿದ ತೆರಿಗೆ ವಿನಾಯಿತಿಯ ರಸೀದಿಯ, ಅಂದರೆ 80ಜಿ ರಸೀದಿಯ ಮೇಲೆ ಹೆಚ್ಚು ಭರವಸೆ ಇಡಬೇಡಿ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ವಿನಾಯಿತಿ ಇರುವುದು ಧರ್ಮಾರ್ಥ ಕಾರ್ಯಕ್ಕೆ ಹೊರತು ಆರಾಧನೆಯಂತಹ ಧಾರ್ಮಿಕ ಕಾರ್ಯಕ್ಕಲ್ಲ. ಅನುಮೋದನೆ ಪಡೆದ ಸಂಸ್ಥೆಯೂ ತನ್ನ ವರ್ಷದ ಆದಾಯದಲ್ಲಿ ಶೇ. 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಉದ್ದೇಶಕ್ಕೆ ಖರ್ಚು ಮಾಡುವಂತಿಲ್ಲ. ಸಭೆಯ ಶಾಲೆ ಅಥವಾ ಆಸ್ಪತ್ರೆಗೆ ಬೇರೆ ಟ್ರಸ್ಟ್ ಇದ್ದು ಅದಕ್ಕೆ ಅನುಮೋದನೆ ಇದ್ದರೆ ಆ ಕಾಣಿಕೆಗೆ ರಸೀದಿ ಕೊಡಬಹುದು, ಅದೂ ನಗದಿನಲ್ಲಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟಿದ್ದರೆ ಉಪಯೋಗವಿಲ್ಲ. ಇದಕ್ಕೂ ಮಿಗಿಲಾಗಿ, 2023-24ನೇ ಹಣಕಾಸು ವರ್ಷದಿಂದ ಹೊಸ ತೆರಿಗೆ ಪದ್ಧತಿ ತಾನಾಗಿಯೇ ಅನ್ವಯವಾಗುತ್ತದೆ, ಅದರಲ್ಲಿ 80ಜಿ ವಿನಾಯಿತಿ ಸಿಗುವುದಿಲ್ಲ. ಆದ್ದರಿಂದ ತೆರಿಗೆಗಾಗಿ ಕೊಡುತ್ತಿದ್ದವರು ಪದ್ಧತಿ ಬದಲಾದಾಗ ನಿಲ್ಲಿಸುತ್ತಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯ ದಿನಾಂಕ ಹೊಂದಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಹಳೆಯ ರಸೀದಿ ಪುಸ್ತಕಗಳನ್ನೇ ಮರುಮುದ್ರಿಸುವ ಮೊದಲು ನಿಮ್ಮ ಆಡಿಟರನ್ನು ಕೇಳಿ.

ಕಾಣಿಕೆ ಪೆಟ್ಟಿಗೆಗೆ ಹೆಸರಿಲ್ಲದೆ ಬೀಳುವ ಹಣದ ಬಗ್ಗೆ ಹಲವರಿಗೆ ಭಯವಿದೆ. 1961ರ ಕಾಯ್ದೆಯ 115ಬಿಬಿಸಿ ಕಲಮಿನ ಶೇ. 30ರ ತೆರಿಗೆಯು ಸಂಪೂರ್ಣವಾಗಿ ಧಾರ್ಮಿಕ ಉದ್ದೇಶದ ಸಂಸ್ಥೆಗೆ ಅನ್ವಯಿಸುವುದಿಲ್ಲ. ಆದರೆ ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಸ್ವೀಕರಿಸಬಾರದು. ಭೂಮಿ ಮಾರಿದ ಸಂತೋಷದಲ್ಲಿ ಚೀಲ ಹಿಡಿದು ಬರುವ ಸಭಿಕರನ್ನು ಬ್ಯಾಂಕಿಗೆ ಕಳಿಸಿ.

ವಿದೇಶದಲ್ಲಿರುವವರ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ದುಬೈ, ಕುವೈತ್‌ಗಳಲ್ಲಿ ಕೆಲಸದಲ್ಲಿರುವ, ಭಾರತದ ಪೌರತ್ವವನ್ನೇ ಉಳಿಸಿಕೊಂಡಿರುವ ನಿಮ್ಮ ಸಭಿಕರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಬ್ರಿಟನ್ ಅಥವಾ ಅಮೆರಿಕದ ಪೌರತ್ವ ಪಡೆದವರು ಕಳಿಸಿದರೆ ಆಗುತ್ತದೆ, ಅವರು ನಮ್ಮ ಊರಿನಲ್ಲಿಯೇ ಹುಟ್ಟಿದ್ದರೂ. ಅದಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ತೆರೆದ ಖಾತೆಗೇ ಮೊದಲು ಬರಬೇಕು, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ವರ್ಗಾಯಿಸುವಂತೆಯೂ ಇಲ್ಲ. ಪೌರತ್ವವನ್ನು ಕೇಳಿ ರಸೀದಿಯಲ್ಲಿ ಬರೆದುಕೊಳ್ಳುವುದು ಸಂಕೋಚದ ವಿಷಯವೆಂದು ಬಿಡಬೇಡಿ.

ಇನ್ನು ಯುಪಿಐ. ಹಲವು ಸಭೆಗಳಲ್ಲಿ ಬಾಗಿಲ ಬಳಿ ಅಂಟಿಸಿರುವ ಕ್ಯೂಆರ್ ಕೋಡ್ ಖಜಾಂಚಿಯ ಸ್ವಂತ ಖಾತೆಯದು. ಸಮಿತಿ ಬದಲಾದರೂ ದೂರದಲ್ಲಿರುವವರ ಮೊಬೈಲಿನಲ್ಲಿ ಹಳೆಯ ನಂಬರೇ ಉಳಿದು, ಹಣ ಹಳೆಯ ಖಜಾಂಚಿಗೇ ಹೋಗುತ್ತಿರುತ್ತದೆ. ಕೋಡ್ ಸಭೆಯ ಖಾತೆಯ ಹೆಸರಿನಲ್ಲಿಯೇ ಇರಬೇಕು. ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಯುಪಿಐ ಆಟೋಪೇ 2020ರಿಂದ ಇದೆ. ಸಾಮಾನ್ಯವಾಗಿ 15,000 ರೂಪಾಯಿಯವರೆಗೆ ಪ್ರತಿ ಸಲ ಪಿನ್ ಹಾಕಬೇಕಾಗಿಲ್ಲ, ಕಡಿತಕ್ಕೆ ಮೊದಲು ಸೂಚನೆಯೂ ಬರುತ್ತದೆ. ಅದಕ್ಕೆ ಬರೀ ಕ್ಯೂಆರ್ ಸಾಲದು, ಬ್ಯಾಂಕ್ ಅಥವಾ ಪಾವತಿ ಸಂಸ್ಥೆಯ ಮೂಲಕ ವ್ಯವಸ್ಥೆ ಮಾಡಿಕೊಳ್ಳಬೇಕು. ಅಷ್ಟು ಬೇಡವೆಂದರೆ ಸಂಬಳದಾರರು ತಮ್ಮ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟರೂ ಸಾಕು. ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಗೆ ಸಾವಿರ ರೂಪಾಯಿ ಕೂಗುವ ಉತ್ಸಾಹಿಗಳಿಗೆ ಅಂದೇ ಈ ಅರ್ಜಿಯನ್ನೂ ಕೊಟ್ಟು ನೋಡಿ.

ಉತ್ತರ: ಸಿರಿಗೆರೆ ಕಡೆಯ ಓದುಗ

ನಾನು ಕ್ರೈಸ್ತನಲ್ಲ, ಆದರೂ ಈ ಚರ್ಚೆ ನಮ್ಮ ಕಡೆಯದೇ ಎನ್ನಿಸಿತು. ನಮ್ಮ ಭಾಗದ ಮಠಗಳಿಗೆ ಸುಗ್ಗಿಯಲ್ಲಿ ಹಳ್ಳಿಗಳಿಂದ ದವಸ ಹೋಗುವುದುಂಟು. ಕೊಡುವ ಮನೆಯವರಲ್ಲಿ ಯಾರಾದರೊಬ್ಬರು ಆ ದಾಸೋಹದಲ್ಲಿ ಉಂಡಿರುತ್ತಾರೆ, ಇಲ್ಲವೇ ಮಠದ ವಿದ್ಯಾರ್ಥಿನಿಲಯದಲ್ಲಿದ್ದು ಓದಿರುತ್ತಾರೆ. ಬೆಂಗಳೂರಿನ ಸಹೋದರರು ಹಾಸ್ಟೆಲ್ಲಿನ ಬಗ್ಗೆ ಬರೆದದ್ದು ನನಗೆ ಅದಕ್ಕೇ ಸರಿಯೆನ್ನಿಸಿತು. ಜೊತೆಗೆ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಸುರಿದು ಬರುವಂತೆ ಹಿಂದಕ್ಕೆ ಕಳಿಸಿದವಳು ಆಕೆ. ಒಂದು ಕೆಲಸಕ್ಕೆ ಬೇಕಾದಷ್ಟು ಸೇರಿದ ಮೇಲೆ ಇನ್ನು ಸಾಕು ಎಂದು ಪ್ರಕಟಿಸುವ ಸಂಸ್ಥೆಯನ್ನು ನಾನು ಕಂಡದ್ದು ಕಡಿಮೆ. ಛಾವಣಿಯ ನಿಧಿ ತುಂಬಿದ್ದರೆ ನೀವು ಹಾಗೆ ಪ್ರಕಟಿಸಿದಿರಾ?

ಮರುಪ್ರಶ್ನೆ: ಹೊಸ ಖಜಾಂಚಿ, ದಾವಣಗೆರೆ

ಎಲ್ಲರಿಗೂ ವಂದನೆಗಳು. ಛಾವಣಿಯ ಕೆಲಸ ಮುಗಿದಿದೆ, ಆದರೆ ನಿಧಿ ಮುಗಿಯಿತೆಂದು ನಾವು ಪ್ರಕಟಿಸಿಲ್ಲ. ಉಳಿಕೆ ಎಷ್ಟೆಂದು ಮುಂದಿನ ಭಾನುವಾರ ಫಲಕದಲ್ಲಿ ಹಾಕುತ್ತೇನೆ. ಹಿಂಬಾಕಿಯ ಅಂಕಣದ ಮಾತನ್ನು ಸಮಿತಿಯ ಮುಂದೆ ಇಡುವೆ, ವಿರೋಧ ಬರುವುದು ಖಚಿತ.

ಇನ್ನು ಎರಡು ಸಂದೇಹಗಳಿವೆ. ಹೆಸರು ಓದುವ ಬಗ್ಗೆ ಯಾರೂ ಖಚಿತವಾಗಿ ಹೇಳಲಿಲ್ಲ. ಮತ್ತು ಯಾರು ಎಷ್ಟು ಕೊಡುತ್ತಾರೆಂಬುದು ಸಭಾಪಾಲಕರಿಗೆ ತಿಳಿದಿರಬೇಕೇ? ನಮ್ಮ ಅಯ್ಯನವರು ರಿಜಿಸ್ಟರನ್ನು ನೋಡುವುದೇ ಇಲ್ಲ ಎಂದು ಹಟ ಹಿಡಿದಿದ್ದಾರೆ.

ಉತ್ತರ: ಸ್ತ್ರೀಯರ ಕೂಟದ ಹಿರಿಯ ಸದಸ್ಯೆ, ದಾವಣಗೆರೆ

ಹೆಸರು ಓದುವುದು ಬೇಡ. ಓದಿದರೆ ಮೊದಲ ವರ್ಷ ಮೊತ್ತ ಏರುತ್ತದೆ, ಆಮೇಲೆ 50 ರೂಪಾಯಿ ಕೊಡುವವರು ನಿಲ್ಲಿಸುತ್ತಾರೆ. ಕಾಣಿಕೆ ಪೆಟ್ಟಿಗೆಯ ಎದುರು ಕುಳಿತ ಯೇಸುಸ್ವಾಮಿ ಬಡ ವಿಧವೆಯ ಎರಡು ಕಾಸನ್ನು ಗಮನಿಸಿದನೆಂದು ಮಾರ್ಕನ ಸುವಾರ್ತೆಯಲ್ಲಿದೆ. ಆದರೆ ಅದನ್ನು ಹೇಳಿದ್ದು ಶಿಷ್ಯರನ್ನು ಹತ್ತಿರ ಕರೆದು, ದೇವಾಲಯಕ್ಕೆಲ್ಲ ಕೇಳುವಂತೆ ಕೂಗಿ ಅಲ್ಲ.

ಹಣವಿಲ್ಲದ ಮನೆಗಳಿಗೆ ಇನ್ನೊಂದು ದಾರಿ ಇದೆ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಣ್ಣುಮಕ್ಕಳು 1910ರಿಂದ ಅಡುಗೆಗೆ ಅಕ್ಕಿ ತೆಗೆಯುವಾಗಲೆಲ್ಲ ಒಂದು ಹಿಡಿಯನ್ನು ಸಭೆಗೆಂದು ಬೇರೆ ಇಡುತ್ತಾ ಬಂದಿದ್ದಾರೆ. ಅದನ್ನು ಒಟ್ಟುಗೂಡಿಸಿ ಮಾರಿದ ಹಣ ಇಂದಿಗೂ ಆ ಸಭೆಯ ಆದಾಯದ ಒಂದು ಮುಖ್ಯ ಭಾಗ. ನೂರು ವರ್ಷ ಮೀರಿ ಅದು ನಿಂತಿರುವುದಕ್ಕೆ ಕಾರಣ ಸರಳ: ಕೊಡುವುದು ಹೆಂಗಸರ ಕೈಯಲ್ಲಿದೆ, ದಿನವೂ ನಡೆಯುತ್ತದೆ, ಗಂಡನನ್ನು ಕೇಳಬೇಕಾಗಿಲ್ಲ. ನಮ್ಮ ಚಂದಾ ರಿಜಿಸ್ಟರಿನಲ್ಲಿ ಇರುವುದೆಲ್ಲ ಮನೆಯ ಯಜಮಾನರ ಹೆಸರು. ನರ್ಸ್ ಕೆಲಸದಿಂದ ಮನೆ ನಡೆಸುತ್ತಿರುವವಳಿಗೂ ಅಲ್ಲಿ ಸ್ವಂತ ಸಾಲಿಲ್ಲ. ಖಜಾಂಚಿಯವರು ದುಡಿಯುವ ಪ್ರತಿಯೊಬ್ಬರಿಗೂ ಅವರದೇ ಹೆಸರಿನಲ್ಲಿ ಲಕೋಟೆ ಕೊಡಲಿ, ಮೊದಲ ಸಂಬಳ ಪಡೆದ ಹುಡುಗ ಹುಡುಗಿಯರಿಗೂ ಸೇರಿಸಿ. ಅಪ್ಪನ ಹೆಸರಿನ ಕೆಳಗೆ ಹತ್ತು ವರ್ಷ ಕಾಣದೆ ಕುಳಿತವರು ಅಪ್ಪ ತೀರಿಕೊಂಡ ಮೇಲೆ ಇದ್ದಕ್ಕಿದ್ದಂತೆ ಕೊಡಲು ಆರಂಭಿಸುವುದಿಲ್ಲ.

ಉತ್ತರ: ಒಬ್ಬ ಸಭಾಪಾಲಕ, ಚಿತ್ರದುರ್ಗ ಜಿಲ್ಲೆ

ಅಕ್ಕನವರ ಮಾತು ಸರಿ. ನಾನು ಲಕೋಟೆಯನ್ನು ಕುಟುಂಬಕ್ಕೆ ಎಂದು ಬರೆದಿದ್ದೆ, ವ್ಯಕ್ತಿಗೆ ಎಂದೇ ಇರಲಿ.

ನಿಮ್ಮ ಅಯ್ಯನವರ ಹಟ ನನಗೆ ಅರ್ಥವಾಗುತ್ತದೆ. ಮೊತ್ತ ತಿಳಿದರೆ ಮುಖ ನೋಡುವ ರೀತಿ ಬದಲಾಗುತ್ತದೆ ಎಂಬ ಭಯ ನಿಜವಾದದ್ದೇ. ಅವರಿಗೆ ರಿಜಿಸ್ಟರನ್ನು ತೋರಿಸಬೇಡಿರಿ. ಮೂರು ತಿಂಗಳಿಗೊಮ್ಮೆ, ಮೊದಲು ಬರುತ್ತಿದ್ದು ಈಗ ಲಕೋಟೆ ಬಾರದಿರುವವರ ಹೆಸರುಗಳನ್ನಷ್ಟೇ ಒಂದು ಚೀಟಿಯಲ್ಲಿ ಬರೆದು ಕೊಡಿರಿ, ಮೊತ್ತ ಬೇಡ. ಕಾಯಿಲೆಯೋ, ಕೆಲಸ ಹೋಯಿತೋ, ಸಭೆಯಲ್ಲಿ ಯಾರಾದರೂ ನೋಯಿಸಿದರೋ ಎಂದು ವಿಚಾರಿಸುವುದು ಅವರ ಕೆಲಸ. ನೀವು ಹೋದರೆ ವಸೂಲಿಗೆ ಬಂದಂತೆ ಕಾಣುತ್ತದೆ. ಒಬ್ಬಿಬ್ಬರ ದೊಡ್ಡ ಕಾಣಿಕೆಯ ಮೇಲೆಯೇ ಸಭೆ ನಡೆಯುತ್ತಿದ್ದರೆ ಮಾತ್ರ ಆ ಸಂಗತಿಯನ್ನು, ಹೆಸರಿಲ್ಲದೆ, ಸಮಿತಿಯ ಗಮನಕ್ಕೆ ತರಬೇಕು, ಏಕೆಂದರೆ ಅವರು ಮುನಿದ ದಿನ ಸಂಬಳ ನಿಲ್ಲುತ್ತದೆ.

ಊರು ಬಿಡುವ ಕುಟುಂಬಕ್ಕೆ ಸದಸ್ಯತ್ವದ ಪತ್ರ ಕೊಡುವಾಗ, ಅವರು ಹೋಗುವ ಊರಿನ ಸಭಾಪಾಲಕರಿಗೆ ಅಯ್ಯನವರಿಂದಲೇ ಒಂದು ಫೋನ್ ಮಾಡಿಸಿರಿ. ಚಂದಾ ಪಟ್ಟಿಯಿಂದ ಅವರ ಹೆಸರನ್ನು ಅಂದೇ ತೆಗೆದು, ಸಮಾಧಿ ಭೂಮಿಯ ನಿಧಿಗೆ ಸೇರಲು ಮನಸ್ಸಿದೆಯೇ ಎಂದು ಒಂದೇ ಒಂದು ಸಲ ಕೇಳಿರಿ. ಹೌದು ಎಂದವರ ವಿಳಾಸವನ್ನು ಬೇರೆ ಪುಸ್ತಕದಲ್ಲಿ ಬರೆದಿಡಿ, ಇಲ್ಲ ಎಂದವರಿಗೆ ಕ್ರಿಸ್‌ಮಸ್ ಶುಭಾಶಯ ಮಾತ್ರ ಹೋಗಲಿ.